ಹೂಗ್ಯಂ ಹುಣಸೆಮರದ ಜೇಡ

೯-೧೦-೧೯೬೭, ಹೂಗ್ಯಂ

ಜಿರಳೆ, ಏಡಿ, ಚೇಳು — ಲೇಬಲ್ ಬರೆದಾಯಿತು. ಇನ್ನು ಜೇಡವೊಂದು ಬೇಕು. ಇಲ್ಲದಿದ್ದರೆ ಪ್ರಾಕ್ಟಿಕಲ್ ರೆಕಾರ್ಡ್ ಇನ್‌ಕಂಪ್ಲೀಟ್. ದಸರಾ ಹಬ್ಬಕ್ಕೆ ಅತ್ತಿಗೆಯ ತವರಿಗೆ ಬಂದಿದ್ದೇವೆ. ಹಿತ್ತಲಲ್ಲಿ ಹುಣಸೆಮರ, ಪೊಟರೆ ಬಾಯಿಗೆ ಬಲೆ. ಒಳಗೆ ಅಂಗೈಯಗಲದ್ದು. ನಾನು ಹಿಂದೆ ಸರಿದೆ. ಅಣ್ಣ ನಕ್ಕ.

“ಬಿಯಸ್ಸಿ ಓದೋಳು ಜ್ಯಾಡಕ್ಕೆ ಎದ್ರುತೀಯಲ್ಲಮ್ಮಿ! ಸೀಸೆ ಇಡ್ಕೊ, ನಾ ಇಡಿತೀನಿ.”

ಅವನ ಬಲಗೈ ತೋರುಬೆರಳಿಗೆ ಕಚ್ಚಿತು. ಆದರೂ ಬಿಡಲಿಲ್ಲ, ಸೀಸೆಗೆ ಹಾಕಿದ.

ಅದೇ ದಿನ, ಸಂಜೆ ೫

ಕೈ ಊದಿದೆ. ಹನೂರಿಗೆ ಕೊನೇ ಬಸ್ಸಿದೆ, ಡಾಕ್ಟರಿಗೆ ತೋರಿಸೋಣ ಎಂದು ಅತ್ತಿಗೆ ಅತ್ತಳು. ಎಲ್ಲರೂ ನನ್ನ ಮುಖ ನೋಡಿದರು. ಪುಸ್ತಕ ತೆರೆದೆ. ಎಂಟು ಕಣ್ಣು, ಚಪ್ಪಟೆ ಮೈ... ಹೆಟೆರೊಪೊಡ. ಮನೆಗಳಲ್ಲಿರುವ ಜಾತಿ. ಹಾರ್ಮ್‌ಲೆಸ್.

“ವಿಷ ಇಲ್ಲ” ಅಂದೆ.

“ಕೇಳುದ್ಯಾ ರಾಮಮ್ಮ? ಇಂಗ್ಲಿಷ್ ಬುಕ್ಕೇ ಏಳ್ತದೆ” ಅಂದ ಅಣ್ಣ, ಅತ್ತಿಗೆಗೆ.

ಬಸ್ಸು ಹೋಯಿತು.

೧೨-೧೦

ಅಣ್ಣನ ತೋಳು, ಕಾಲು ಸೆಟೆದುಕೊಳ್ಳುತ್ತಿವೆ. ಕೊಳ್ಳೇಗಾಲದ ಆಸ್ಪತ್ರೆಗೆ ಬಂದೆವು. ಚೀಟಿಯಲ್ಲಿ ಬರೆದರು — ಚೆನ್ನಯ್ಯ, ೩೧, ರೇಷ್ಮೆ ನೇಕಾರ.

“ಮೂರು ದಿನ ಏನು ಮಾಡ್ತಿದ್ರಿ?” ಡಾಕ್ಟರು ಗದರಿದರು.

ಅಣ್ಣ ನನ್ನ ಕಡೆ ನೋಡಲಿಲ್ಲ. “ದಸ್ರ ಅಬ್ಬ ಅಲ್ವಾ ಸಾ. ಬಸ್ ಸಿಕ್ನಿಲ್ಲ.”

೬-೧೧, ಮೈಸೂರು

ರೆಕಾರ್ಡ್ ವಾಪಸ್ ಬಂತು. ಹತ್ತಕ್ಕೆ ಎಂಟು. ‘ಹೆಟೆರೊಪೊಡ’ ಮೇಲೆ ಕೆಂಪು ಗೀಟು. ಪಕ್ಕದಲ್ಲಿ — ಪೀಸಿಲೊಥೀರಿಯ, ಫ್ಯಾಮಿಲಿ ಥೆರಫೋಸಿಡೆ. ವಿಷವುಳ್ಳದ್ದು.

ಕೋರೆಹಲ್ಲು ಇಕ್ಕಳದ ಹಾಗೆ ಅಡ್ಡ ಕೂಡಿದರೆ ನಾನು ಬರೆದ ಜಾತಿ, ನೇರ ಕೆಳಗಿಳಿದರೆ ಇದು. ಸರ್ ತೋರಿಸಿದರು. ಕಣ್ಣು ಎಣಿಸಿದ್ದೆ. ಹಲ್ಲು ನೋಡಿರಲಿಲ್ಲ.

“ಒಳ್ಳೇ ಸ್ಪೆಸಿಮನ್ ಕಣಮ್ಮ, ಮ್ಯೂಸಿಯಂನಲ್ಲಿ ಇಡೋಣ. ಹಿಡಿದವರ ಹೆಸರು ಹಾಕಿ ಹೊಸ ಲೇಬಲ್ ಬರಿ.”

ಏನೂ ಅನ್ನಿಸಲಿಲ್ಲ. ಹಾಸ್ಟೆಲಿಗೆ ಬಂದು ಉಪ್ಪಿಟ್ಟು ತಿಂದೆ.

೨೬-೧೧, ಭಾನುವಾರ, ಕೊಳ್ಳೇಗಾಲ

ಅಣ್ಣ ಮಗ್ಗಕ್ಕೆ ಕೂತಿದ್ದ. ಎಳೆ ಹರಿಯಿತು. ಗಂಟು ಹಾಕಲು ತೋರುಬೆರಳು ಬಾಗದು. ಅತ್ತಿಗೆ ಒಲೆ ಮುಂದಿನಿಂದ ಎದ್ದು ಬಂದು ಹಾಕಿ ಹೋದಳು. ಅರ್ಧ ಗಂಟೆಯಲ್ಲಿ ನಾಲ್ಕು ಸಲ.

“ಆ ಜ್ಯಾಡದ ಎಸ್ರು ಸಿಕ್ತೇನಮ್ಮಿ?”

“ಸಿಕ್ತು.”

“ನೀ ಏಳಿದ್ದೇ ಅಲ್ವಾ?”

“ಊಂ.”

“ಮತ್ತೆ! ಇಸಾನೇ ಇಲ್ಲ ಅಂದ್ಮೇಲೆ ಸರಿಓಯ್ತದೆ ಬುಡು.”

ಅತ್ತಿಗೆ ಮಾತ್ರ ನನ್ನನ್ನೇ ನೋಡುತ್ತಿದ್ದಳು.

೨೭-೧೧, ಮೈಸೂರು

ಹೊಸ ಲೇಬಲ್. ಕಪ್ಪು ಇಂಕು.

ಫೈಲಮ್ ಆರ್ತ್ರೊಪೊಡ. ಕ್ಲಾಸ್ ಅರಾಕ್ನಿಡ. ಫ್ಯಾಮಿಲಿ, ಜೀನಸ್ — ಈ ಸಲ ತಪ್ಪಿಲ್ಲ. ಸ್ಥಳ ಹೂಗ್ಯಂ. ತಾರೀಕು ೯-೧೦-೬೭.

ಹಿಡಿದವರು: ಚೆ—