ಲತೀಫಾ ಚಾಚಿ ತಂದ ನುಚ್ಚು

ಬಸವಕಲ್ಯಾಣ
೧೪ ಡಿಸೆಂಬರ್ ೨೦೨೫

ಪ್ರೀತಿಯ ಸಂಘರತ್ನ ಅಣ್ಣನಿಗೆ,

ಜೈ ಭೀಮ್.

ಬರೆಯೋದು ತಡವಾಯಿತು, ಸಾರಿ. ನೀನು ಫೋನ್ ಎತ್ತುತ್ತಿಲ್ಲ, ಮೆಸೇಜ್ ನೋಡಿ ಸುಮ್ಮನಾಗುತ್ತಿ. ಅದಕ್ಕೇ ಈ ಕಾಗದ. ನನ್ನ ಪುಸ್ತಕದ ಕನ್ನಡಕ್ಕೆ ನಗಬೇಡ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಕಲಿತದ್ದು ಇದೇ.

ಇಲ್ಲಿ ಚಳಿ ಬಿದ್ದಿದೆ. ಲ್ಯಾಬಿನಲ್ಲಿ ಕೈ ಮರಗಟ್ಟಿ ಪಿಪೆಟ್ ಒಡೆದೆ. ಅವ್ವನಿಗೆ ಹೇಳಬೇಡ, ಟೆನ್ಶನ್ ಮಾಡಿಕೊಳ್ಳುತ್ತಾಳೆ.

ಆಯಿಯ ಮಣ್ಣಾದ ದಿನ ಸಂಜೆ, ಹುಮನಾಬಾದ್ ಬಸ್‌ಸ್ಟ್ಯಾಂಡಿನಿಂದ ದುಬಲಗುಂಡಿ ತನಕ ನೀನೇ ಗಾಡಿ ಮೇಲೆ ಕರಕೊಂಡು ಬಂದೆ. ಮನೆ ಮುಂದೆ ಇಳಿದ ಮೇಲೆ ಅಂದೆ: "ಅವ್ವ ನಿನ್ನೇನೇ ಫೋನ್ ಮಾಡಿ ಹೇಳ್ಯಾಳ. ನೀ ಪರೀಕ್ಷಾ ಮುಗಿಸ್ಕೊಂಡು ಬಂದಿ. ಸಾಕಿದ ಅಜ್ಜಿಗಿ ಒಂದು ಹಿಡಿ ಮಣ್ಣು ಹಾಕಾಕ ಬರಲಿಲ್ಲ." ಅಂಬುಬಾಯಿ ಅತ್ತೆ ಬಾಗಿಲಲ್ಲೇ ಇದ್ದಳು. ಕಾಲೇಜಿನಾಕಿಗೆ ಪುರುಸೊತ್ತು ಸಿಗಬೇಕಲ್ಲಪಾ ಅಂದಳು.

ಅಣ್ಣಾ, ನನಗೆ ಗೊತ್ತಿರಲಿಲ್ಲ. ಪ್ರಾಕ್ಟಿಕಲ್ ಮುಗಿಸಿ ಹೊರಗೆ ಬಂದು ವಾಟ್ಸಾಪ್ ತೆಗೆದರೆ ಆಯಿಯ ಫೋಟೊ, ಮೇಲೆ ಹಾರ. ಹಾಗೆ ಗೊತ್ತಾಯಿತು.

ಹಿಂದಿನ ಸಂಜೆ ಅವ್ವ ಫೋನಿನಲ್ಲಿ ಹೇಳಿದ್ದು ಇಷ್ಟೇ: "ವಿಶಾಖಾ, ಲತೀಫಾ ಚಾಚಿ ಮೆಕ್ಕಿಜೋಳದ ನುಚ್ಚು ತಂದಾಳವ್ವ." ಊಟದ ಮಾತು ಅಂದುಕೊಂಡೆ. ನುಚ್ಚು ಅಂದರೆ ನನಗೆ ಸೋಮವಾರದ ನಾಷ್ಟಾ. ಮೆಸ್ಸಿನ ಬೋರ್ಡಿನಲ್ಲಿ 'ಕಾರ್ನ್ ಪಾರಿಜ್' ಅಂತ ಬರೆದು, ಸಕ್ಕರೆ ಉದುರಿಸಿ ಕೊಡುತ್ತಾರೆ.

ಮೂರನೇ ದಿನ ಚಾಚಿಯ ಪಾತ್ರೆ ತೊಳೆದು ಕೊಡಲು ಹೋದೆ. ಆಗ ಆಕೆ ಹೇಳಿದಳು: ನಮ್ಮ ಓಣಿಯಲ್ಲಿ ಸಾರು, ಪಲ್ಯ, ಉಪ್ಪಿನಕಾಯಿ ದಿನಾ ಮನೆಯಿಂದ ಮನೆಗೆ ಹೋಗುತ್ತವೆ, ನುಚ್ಚು ಮಾತ್ರ ಸಾವಾಗಿ ಒಲೆ ಹಚ್ಚದ ಮನೆಗೇ ಹೋಗೋದು. ಸತ್ತರು ಅಂತ ಯಾರೂ ಬಾಯಿಬಿಟ್ಟು ಅನ್ನೋದಿಲ್ಲ, ನುಚ್ಚು ಬಂತು ಅಂತಾರೆ. ಅಷ್ಟು ಹೇಳಿ ನನ್ನ ಮುಖ ನೋಡಿದಳು. "ನಿಂಗ ಗೊತ್ತಿರ್ಲಿಲ್ಲೇನವ್ವ?"

ಗೊತ್ತಿತ್ತು ಅಂದುಬಿಟ್ಟೆ. ಅದನ್ನೇ ಆಕೆ ಓಣಿಗೆಲ್ಲ ಹೇಳಿರಬೇಕು, ಆಕೆಯದೇನು ತಪ್ಪು? ಮನೆಯ ಮಾತೇ ತಿಳಿಯದವಳು ಅನ್ನಿಸಿಕೊಳ್ಳುವುದಕ್ಕಿಂತ ಕಲ್ಲು ಮನಸ್ಸಿನಾಕಿ ಅನ್ನಿಸಿಕೊಳ್ಳುವುದು ಆ ಹೊತ್ತಿಗೆ ಸುಲಭ ಅನ್ನಿಸಿತು. ನೀನಾದರೂ ಹಾಗೆ ತಿಳಿಯಬೇಡ. ಬೈಯೋದಿದ್ದರೆ ಫೋನ್ ಮಾಡಿ ಬೈ.

ಅವ್ವ ಹೊತ್ತಿಗೆ ಸರಿಯಾಗಿ ಉಣ್ಣುವ ಹಾಗೆ ನೋಡಿಕೋ. ಚಾಚಿಗೆ ನನ್ನ ಸಲಾಮು. ಬುದ್ಧನ ಕರುಣೆ ನಮ್ಮ ಹೊಸ್ತಿಲ ಮೇಲಿರಲಿ.

ನಿನ್ನ ತಂಗಿ,
ವಿಶಾಖಾ

ತಾ.ಕ.: ಇದನ್ನು ಅವತ್ತೇ ಹೇಳಿದ್ದರೆ ನೀನು ನಂಬುತ್ತಿದ್ದೆ. ಬಾಯಿ ಬರಲಿಲ್ಲ. ಅವ್ವನೂ ನಿನಗೆ ಹೇಳಿರಲಿಕ್ಕಿಲ್ಲ. ಚಾಚಿ ನುಚ್ಚು ತಂದಾಳ ಅಂದಾಗ ನಾನು ನಕ್ಕು, "ಆಯಿಗೂ ಹಾಕವ್ವ, ಆಕಿಗಿ ಭಾಳ ಸೇರ್ತದ. ಮ್ಯಾಲ ಮಜ್ಜಿಗಿ ಹಾಕು" ಅಂದೆ. ಪರೀಕ್ಷೆ ನಾಳೆಯೇ ಏನು ಅಂತ ಅವ್ವ ಕೇಳಿದಳು. ಹೌದು ಅಂದೆ. ಆಮೇಲೆ ಅಂದಳು, "ಹೂಂ, ಹಾಕ್ತೀನಿ. ನೀ ಓದ್ಕೋ."