ನಿಂತು ಬರುವಷ್ಟು ಎತ್ತರ

ಓಂ ಶ್ರೀ ಗುರುಬಸವಲಿಂಗಾಯ ನಮಃ

ಕುಳಗೇರಿ ಕ್ರಾಸ್
೨೦ ಸೆಪ್ಟೆಂಬರ್ ೨೦೨೪

ಚಿರಂಜೀವಿ ಬಸವೇಶ್ವರಿಗೆ ಅಪ್ಪನ ತುಂಬು ಆಶೀರ್ವಾದ.

ನಾನು, ನಿಮ್ಮವ್ವ, ಎಮ್ಮೆ, ಮೂವರೂ ಆರಾಮ ಇದ್ದೇವೆ. ಬಾಗಲಕೋಟೆಯಲ್ಲಿ ನೀನೂ ಜಯಶ್ರೀ ಚಿಗವ್ವನೂ ಜಗಳವಿಲ್ಲದೆ ಇದ್ದೀರೆಂದು ನಂಬಿದ್ದೇನೆ. ಪತ್ರ ಬರೆಯುತ್ತೇನೆಂದು ಹೇಳಿ ತಿಂಗಳ ಮೇಲಾಯಿತು, ತಡವಾದದ್ದಕ್ಕೆ ಬೈಯಬೇಡ. ದಿನಾ ಫೋನು ಮಾಡುವವನಿಗೆ ಪತ್ರ ಯಾಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನಾನು ‘ಊಟಾ ಆತೇನವಾ’ ಅನ್ನುತ್ತೇನೆ, ನೀನು ‘ಹ್ಞೂ’ ಅನ್ನುತ್ತೀ, ಅಷ್ಟರಲ್ಲಿ ನಿಮ್ಮವ್ವ ಫೋನು ಕಸಿದುಕೊಳ್ಳುತ್ತಾಳೆ. ಮೂವತ್ತೆರಡು ವರ್ಷ ನೀರಾವರಿ ಇಲಾಖೆಯ ಜೀಪು ಓಡಿಸಿದವನು ನಾನು. ಪಕ್ಕದಲ್ಲಿ ಕೂತ ಸಾಹೇಬರು ಮಾತಾಡುತ್ತಿದ್ದರು, ನಾನು ರಸ್ತೆ ನೋಡುತ್ತಿದ್ದೆ. ಹಾಗಾಗಿ ಬಾಯಿಯಲ್ಲಿ ಬಾರದ್ದನ್ನು ಕಾಗದದ ಮೇಲೆ ಇಳಿಸಲು ಕೂತಿದ್ದೇನೆ.

ದೊಡ್ಡ ಸುದ್ದಿ ಏನೆಂದರೆ, ನಮ್ಮ ಜೀಪಿನ ಛತ್ತು ಕೊಯ್ದಿದ್ದೇವೆ. ಹೌದು, ಇಲಾಖೆಯವರು ಹರಾಜು ಹಾಕಿದಾಗ ತಂದು, ಹದಿನಾಲ್ಕು ವರ್ಷ ಒಂದು ಗೀರು ಬೀಳದಂತೆ ಕಾಪಾಡಿದೆನಲ್ಲ, ಅದೇ ಜೀಪು. ನಿಮ್ಮವ್ವ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. ಆ ಸವತಿಯ ತಲೆಗೆ ನಾನೇ ನಿಂತು ಕಟರ್ ಹಾಕಿಸಿದೆ.

ಕಾರಣ ನೀನು. ಫೆಬ್ರವರಿಯಲ್ಲಿ ಐಹೊಳೆ ರಸ್ತೆಯಲ್ಲಿ ಸ್ಕೂಟಿಯಿಂದ ಬಿದ್ದ ಮೇಲೆ ಎರಡು ಆಪರೇಷನ್ ಆದವು, ಎಡ ಮೊಣಕಾಲು ಮಾತ್ರ ಇನ್ನೂ ಮಡಚಲು ಒಪ್ಪುತ್ತಿಲ್ಲ. ಜುಲೈದಲ್ಲಿ ದವಾಖಾನೆಯಿಂದ ಬಿಟ್ಟಾಗ ಡಾಕ್ಟರಿಗೆ ತೋರಿಸಲು ಹತ್ತಿರವೆಂದು ನಿನ್ನನ್ನು ಬಾಡಿಗೆ ಗಾಡಿಯಲ್ಲಿ ಮಲಗಿಸಿ ಚಿಗವ್ವನ ಮನೆಗೆ ತಂದೆವು. ನಾಲ್ಕು ಜನ ಹಿಡಿದು ಇಳಿಸಿದೆವು. ಓಣಿಯವರು ಬಾಗಿಲಿಗೆ ಬಂದು ನೋಡುತ್ತಿದ್ದರು. ಕಟ್ಟೆಯ ಮೇಲೆ ಕೂತು ನೀನು ಹೇಳಿದ ಮಾತು ನನಗೆ ಬಾಯಿಪಾಠ ಆಗಿದೆ: “ಜ್ವಾಳದ ಚೀಲಾ ಹೇರಿದಂಗ ಹೇರ್ಕೊಂಡ್ ಬಂದ್ರಿ ಅಪ್ಪಾ. ಇನ್ನ ನಾ ಹಿಂಗ ನಮ್ಮೂರಿಗೆ ಬರಂಗಿಲ್ಲ. ಬಂದ್ರ ನಿಂತು ಬರ್ತೇನಿ, ಇಲ್ಲಂದ್ರ ಇಲ್ಲ.” ಐಹೊಳೆಯ ಗುಡಿಗಳ ಮುಂದೆ ನಿಂತು ಪರವೂರಿನವರಿಗೆ ಕಲ್ಲಿನ ಕತೆ ಹೇಳುವ ಗೈಡು ನೀನು, ಹಾಗೆ ಅಂದದ್ದು ನನಗೇನೂ ಹೆಚ್ಚು ಅನ್ನಿಸಲಿಲ್ಲ. ಆದರೆ ಎರಡು ತಿಂಗಳಿಂದ ನೀನು ಮನೆಗೆ ಬಂದಿಲ್ಲ, ಹಟ ನನ್ನದೇ ರಕ್ತದ್ದು ಎಂದು ಗೊತ್ತಿರುವುದರಿಂದ ನಿನ್ನನ್ನು ಬಗ್ಗಿಸುವ ಬದಲು ಜೀಪನ್ನೇ ಎತ್ತರ ಮಾಡುವುದು ಸುಲಭ ಎನ್ನಿಸಿತು.

ವೆಲ್ಡಿಂಗ್ ಮಲಕಪ್ಪ ಸಾಮಾನು ಹೊತ್ತು ಮನೆಗೇ ಬಂದ. ವಿಷಯ ಕೇಳಿ ನನ್ನ ಮುಖ ನೋಡಿದ. “ಸಂಗಯ್ಯಾರ, ಈ ಜೀಪಿನ ಮ್ಯಾಲ ನೊಣಾ ಕುಂತ್ರೂ ಬೈತಿದ್ರಿ. ಈಗ ಕೊಯ್ಯಂತೀರಿ. ತಲಿ ಸರಿ ಐತಿಲ್ರಿ?” ಎಂದ.

“ನನ್ನ ತಲಿ ಸರಿ ಐತಿ. ಜೀಪಿನ ತಲಿ ಸಣ್ಣದಾಗೇತಿ. ಕೊಯ್ಯಲೇ ಸುಮ್ನ,” ಎಂದೆ.

ಅಳತೆಗೆ ನೀನು ಇಲ್ಲ. ನಿನ್ನ ಬದಲು ನಿಮ್ಮವ್ವ ಸಿಕ್ಕಳು. ಅವಳ ಎಡಗಾಲಿಗೆ ಎರಡು ಕಟ್ಟಿಗೆಯ ಪಟ್ಟಿ ಇಟ್ಟು, ಮೊಣಕಾಲು ಮಡಚದಂತೆ ನನ್ನ ಹಳೆಯ ರುಮಾಲು ಬಿಗಿದೆ. “ಹಿಂಗ ನಾಟಕಾ ಮಾಡ್ಸಾಕ ಮದುವಿ ಆಗಿದ್ರೇನು?” ಎಂದು ನಗುತ್ತಲೇ ಹತ್ತಿದಳು. ಮೊದಲನೇ ಸಲ ತಲೆ ಬಡಿಯಿತು. ಎರಡನೇ ಸಲ ಕಾಲು ತೊಡಕಿತು. ಮೂರನೇ ಸಲ ಹತ್ತಿದವಳು ಒಳಗೇ ಕೂತುಬಿಟ್ಟಳು. “ನನ್ನ ಕೂಸು ದಿನಾ ಹಿಂಗ ಅಡ್ಡಾಡತೈತೇನ್ರಿ?” ಎಂದು ಸೆರಗು ಬಾಯಿಗೆ ಹಿಡಿದುಕೊಂಡಳು. ಮಲಕಪ್ಪ ಬೀಡಿ ಸೇದುವ ನೆವ ಮಾಡಿ ಹೊರಗೆ ಹೋದ. ನಾನು ರುಮಾಲು ಬಿಚ್ಚಿದೆ, ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಈಗ ಡ್ರೈವರ್ ಸೀಟಿನವರೆಗೆ ಛತ್ತು ಹಳೆಯದೇ. ಅದರ ಹಿಂದೆ ಒಂದೂಕಾಲು ಅಡಿ ಎತ್ತರಿಸಿದ್ದೇವೆ. ಗಾಳಿ ಬಡಿಯದಂತೆ ಮುಂದಿನ ತಗಡನ್ನು ಇಳಿಜಾರಾಗಿ ಕೂಡಿಸಿದ್ದೇವೆ. ಹಿಂದಿನ ಬಾಗಿಲೂ ಅಷ್ಟೇ ಎತ್ತರ. ಒಂದು ಇಳಿಜಾರು ಹಲಗೆ ಇದೆ, ಹಿಡಿದುಕೊಳ್ಳಲು ಪೈಪು ಇದೆ. ನೀನು ತಲೆ ಬಗ್ಗಿಸದೆ ನಡೆದು ಒಳಗೆ ಹೋಗಬಹುದು, ಕಾಲು ಚಾಚಿ ಕೂಡಬಹುದು. ಬೇಕಾದರೆ ನಿಂತೇ ಬರಬಹುದು, ನಾನು ಎತ್ತಿನಗಾಡಿಯವನಿಗಿಂತ ಸಾವಕಾಶ ಓಡಿಸುತ್ತೇನೆ. ಬದಲಾವಣೆಗೆ ಆರ್‌ಟಿಓ ಕಚೇರಿಯಲ್ಲಿ ಅರ್ಜಿಯನ್ನೂ ಕೊಟ್ಟಿದ್ದೇನೆ, ಸರಕಾರಿ ಡ್ರೈವರನಿಗೆ ಆ ಬುದ್ಧಿ ಇದೆ.

ತಗಡು ಬಿಸಿಲಿಗೆ ಹಂಚಿನಂತೆ ಕಾಯುತ್ತದೆಂದು ಪಕ್ಕದ ಮನೆಯ ಕಾಸಿಂಬಿ ಒಳಗಡೆ ಕೌದಿ ಹೊಲಿದು ಕಟ್ಟಿದ್ದಾಳೆ. ನಿಮ್ಮವ್ವ ತನ್ನ ನಾಲ್ಕು ಹಳೆಯ ಇಳಕಲ್ ಸೀರೆಗಳನ್ನು ಹರಿದು ಕೊಟ್ಟಳು. ನಿನ್ನ ತೊಟ್ಟಿಲಿಗೆ ಕಟ್ಟಿದ್ದ ಗಿಣಿಹಸಿರು ಸೀರೆ ಕೂಡ ಅದರಲ್ಲಿದೆ. ಕೊನೆಯ ಮೂಲೆ ಹೊಲಿಯುವ ಮುಂಚೆ ಕಾಸಿಂಬಿ ಒಂದು ಚೂರು ಹೋಳಿಗೆ ಕೇಳಿದಳು. “ಕೌದಿ ಹಸದು ಇರಬಾರದ್ರಿ ಕಾಕಾ. ಅದರ ಹೊಟ್ಟಿ ತುಂಬಿಸಿದ್ರ ಹೊತ್ಕೊಂಡವ್ರ ಹೊಟ್ಟಿ ತುಂಬತೈತಿ,” ಎಂದು ಒಳಗಿಟ್ಟು ಹೊಲಿದೇಬಿಟ್ಟಳು. ಹೊದೆಯುವ ಕೌದಿಗೆ ಅದು ಸರಿ. ಛತ್ತಿಗೆ ಕಟ್ಟಿದರೆ ಏನಾಗುತ್ತದೆಂದು ಯಾರಿಗೂ ಹೊಳೆಯಲಿಲ್ಲ. ಮರುದಿನ ಮಲಕಪ್ಪ ಕೆಳಗೆ ಕೂತು ಸ್ಕ್ರೂ ಬಿಗಿಯುವಾಗ ಕೆಂಪಿರುವೆಗಳು ಸಾಲು ಹಿಡಿದು ಅವನ ಅಂಗಿಯೊಳಗೆ ಇಳಿದವು. ಅವನು ಅಂಗಳದ ತುಂಬ ಕುಣಿದದ್ದನ್ನು ನೀನು ನೋಡಬೇಕಿತ್ತು. ಈಗ ಹೋಳಿಗೆ ತೆಗೆದು ಹಿಡಿ ಜೋಳ ಹಾಕಿ ಹೊಲಿದಿದ್ದಾಳೆ.

ಇನ್ನು ನನ್ನ ಜಾಣತನ ಕೇಳು. ಒಳಗಿನ ಎತ್ತರ ಅಳೆದೆ, ಸೀಟು ಅಳೆದೆ, ನಿಮ್ಮವ್ವನನ್ನೂ ಅಳೆದೆ. ನಮ್ಮ ಅಂಗಳದ ಕಲ್ಲುಬಾಗಿಲನ್ನು ಅಳೆಯಲಿಲ್ಲ. ಮದುವೆ ಗದ್ದಲದಲ್ಲಿ ತಾಳಿ ಕಟ್ಟುವುದನ್ನೇ ಮರೆತರಂತೆ, ಹಾಗಾಯಿತು. ಕಳೆದ ಶುಕ್ರವಾರ ಬಣ್ಣ ಒಣಗಿತ್ತು. ಜೀಪಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಚಾಲೂ ಮಾಡಿ ಹೊರಟರೆ ಮೇಲಿನ ಕಲ್ಲು ಅಡ್ಡ ಬಂತು. ಎರಡು ಬೆರಳು ಸಾಲದು. ಟೈರಿನ ಗಾಳಿ ಇಳಿಸಿದೆ, ಆದರೂ ಒಂದು ಬೆರಳು ಉಳಿಯಿತು. ಮಲಕಪ್ಪ ಸುತ್ತಿಗೆ ತರುತ್ತೇನೆಂದ. ನಮ್ಮಪ್ಪ ನಿಲ್ಲಿಸಿದ ಕಲ್ಲು ಅದು, ಒಡೆಯಲು ನನಗೆ ಮನಸ್ಸಿಲ್ಲ.

ಆ ಹೊತ್ತಿಗೆ ಸಂಘದ ಹೆಣ್ಣುಮಕ್ಕಳು ವಾರದ ಸಭೆಗೆ ನಮ್ಮ ಪಡಸಾಲೆಯಲ್ಲಿ ಸೇರಿದ್ದರು. ನಿಮ್ಮವ್ವ ಎದ್ದು ನಿಂತು, “ಸಾಹೇಬ್ರು ಹತ್ತಿದ್ರ ಜೀಪು ಕುಸೀತಿತ್ತು ಅಂತ ನೀವ ಹೇಳ್ತಿದ್ರಿ. ಏಳ್ರವಾ ಎಲ್ಲಾರೂ, ಹತ್ತರಿ!” ಎಂದಳು. ಒಂಬತ್ತು ಜನ ಹತ್ತಿದರು. ಸಂಘದ ಅಧ್ಯಕ್ಷೆ ಹನಮವ್ವ ಕೊನೆಗೆ ಹತ್ತಿದಾಗ ಅಡಿಯ ಪಾಟಾ ಸ್ಪ್ರಿಂಗು ಕಿರ್ ಎಂದು ಕೂಗಿ ಜೀಪು ಮೂರು ಬೆರಳು ಕೆಳಗಿಳಿಯಿತು. “ಇಷ್ಟ ದಿನಾ ನನ್ನ ತೂಕಾ ನೋಡಿ ನಕ್ಕೀರಿ. ಇವತ್ತ ಉಪಯೋಗಕ್ಕ ಬಂತಿಲ್ರಿ?” ಎಂದು ಕೇಳಿದಳು. ನಾನು ಉಸಿರು ಬಿಗಿಹಿಡಿದು ಕ್ಲಚ್ಚು ಬಿಟ್ಟೆ. ಛತ್ತು ಕಲ್ಲಿಗೆ ತಾಗದೆ ಹೊರಗೆ ಬಂತು.

ಹೊರಗೆ ಬಂದ ಮೇಲೆ ಒಬ್ಬರೂ ಇಳಿಯಲಿಲ್ಲ. ಗಾಳಿ ತುಂಬಿಸಿಕೊಂಡು ಮಹಾಕೂಟಕ್ಕೆ ಕರೆದುಕೊಂಡು ಹೋಗಲೇಬೇಕಾಯಿತು. ಹೊಂಡದಲ್ಲಿ ಕಾಲು ತೊಳೆದು, ಬುತ್ತಿ ಇಲ್ಲದ್ದಕ್ಕೆ ನನ್ನ ಖರ್ಚಿನಲ್ಲಿ ಮಿರ್ಚಿ ತಿಂದು, ಹಾಡು ಹೇಳುತ್ತ ಬಂದರು. ಹನಮವ್ವ ಪೈಪು ಹಿಡಿದು ಒಂದಿಷ್ಟು ದಾರಿ ನಿಂತೇ ಬಂದಳು. “ಬಸವೇಶ್ವರಿ ಹೀಂಗ ಬರಲಿ ನೋಡ್ರಿ. ಊರ ಮಂದಿ ಕತ್ತೆತ್ತಿ ನೋಡಬೇಕು,” ಎಂದಳು. ಹಾಡು ಬಿಟ್ಟು ಎಲ್ಲರೂ ನೀನು ಯಾವಾಗ ಬರುತ್ತೀ ಎಂದು ನನ್ನನ್ನೇ ಕೇಳತೊಡಗಿದರು. ನಿನ್ನನ್ನು ಎಷ್ಟು ಜನ ಕಾಯುತ್ತಿದ್ದಾರೆಂದು ನನಗೇ ಅಂದು ತಿಳಿಯಿತು.

ಮಹಾನವಮಿಗೆ ಬರುತ್ತೀಯಾ? ನೀನು ಬರುವ ದಿನ ಜೀಪನ್ನು ಅಂಗಳದೊಳಗೆ ತರಲು ಮತ್ತೆ ಒಂಬತ್ತು ಜನ ಬೇಕು, ಅವರು ಈಗಾಗಲೇ ಸರದಿ ಹಚ್ಚಿದ್ದಾರೆ. ಗದ್ದಲ ಬೇಡವೆಂದರೆ ಜೀಪು ಬಾಗಿಲ ಹೊರಗೇ ನಿಲ್ಲುತ್ತದೆ, ನೀನು ನಡೆದು ಒಳಗೆ ಬಾ. ಹೇಗೆ ಬಂದರೂ ಸರಿ. ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನಲು ಮನೆಯಲ್ಲಿ ನಿನ್ನ ಕೈ ಬೇಕು. ಸಾವಿರ ವರ್ಷ ನಿಂತಿರುವ ಆ ಕಲ್ಲುಗಳ ಮುಂದೆ ನೀನು ಮತ್ತೆ ನಿಂತು ಮಾತಾಡುವ ಹಾಗಾಗಲಿ. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಸಂಗಯ್ಯ

ತಾ.ಕ.: ಪಾಕೀಟು ಅಂಟಿಸಿ ಮತ್ತೆ ಹರಿದೆ. ಬರೆಯಬೇಕಾದದ್ದನ್ನೇ ಬಿಟ್ಟಿದ್ದೆ. ಕ್ರಾಸಿನ ಚಹಾ ಅಂಗಡಿಯಲ್ಲಿ ‘ಮಗಳ ಸಲುವಾಗಿ ಜೀಪು ಕೊಯ್ಸಿದ ತಂದಿ’ ಎಂದು ನನ್ನನ್ನು ಹೊಗಳುತ್ತಾರೆ. ನಾನು ಅರ್ಧ ಚಹಾ ಬಿಟ್ಟು ಎದ್ದು ಬರುತ್ತೇನೆ. ಫೆಬ್ರವರಿಯ ಆ ಮುಂಜಾನೆ ಐಹೊಳೆಗೆ ಹೋಗಲು ನೀನು ಜೀಪು ಕೇಳಿದೆ. “ಬ್ರೇಕ್ ಹಿಡ್ಯಾಕತ್ತಿಲ್ಲವಾ, ಸ್ಕೂಟಿ ತಗೊಂಡ್ ಹೋಗು,” ಎಂದೆ. ದವಾಖಾನೆಯಲ್ಲಿ ಎಚ್ಚರಾದ ಮೇಲೆ ನೀನೇ ನನ್ನ ಕೈ ಹಿಡಿದು, “ಚಲೋ ಆತಪ್ಪಾ, ಬ್ರೇಕ್ ಇಲ್ಲದ ಜೀಪು ಒಯ್ದಿದ್ರ ನಾ ಉಳೀತಿದ್ದಿಲ್ಲ,” ಎಂದು ಸಮಾಧಾನ ಹೇಳಿದೆ. ಬಸವೇಶ್ವರಿ, ಬ್ರೇಕ್ ಸರಿಯಾಗಿತ್ತು. ಆ ವಾರ ಹುನಗುಂದದಿಂದ ನಿನ್ನನ್ನು ನೋಡಲು ಬರುವವರಿದ್ದರಲ್ಲ, ಹುಡುಗಿ ಜೀಪು ಹೊಡೆದುಕೊಂಡು ಪರವೂರಿನವರನ್ನು ತಿರುಗಿಸುತ್ತಾಳೆಂದು ಯಾರಾದರೂ ಅವರ ಕಿವಿಗೆ ಹಾಕಿಯಾರೆಂದು ಹೆದರಿದೆ. ನಿನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನು ನಾನು, ನಾನೇ ನಾಚಿಕೊಂಡು ಸುಳ್ಳು ಹೇಳಿದೆ. ನಿಮ್ಮವ್ವನಿಗೂ ಇದು ಗೊತ್ತಿಲ್ಲ. ಇದನ್ನು ಓದಿಯೂ ನನ್ನ ಜೀಪು ಹತ್ತುವುದಾದರೆ ಫೋನು ಮಾಡು. ಹತ್ತುವುದಿಲ್ಲವಾದರೂ ಮಾಡು. ನೀನು ಬೈಯುವಷ್ಟು ಹೊತ್ತೂ ನಾನು ನಡುವೆ ಬಾಯಿ ಹಾಕುವುದಿಲ್ಲ.