ಮೂಗು ಮರಳಿದ ಯುಗಾದಿ

ಚಳ್ಳಕೆರೆ
೨ ಏಪ್ರಿಲ್ ೨೦೨೫, ಬುಧವಾರ ಬೆಳಿಗ್ಗೆ

ನನ್ನ ಶ್ರುತಿಗೆ, ಐದು ತಿಂಗಳಿಂದ ಕೂಡಿಟ್ಟ ಅಕ್ಕರೆಯನ್ನೆಲ್ಲ ಒಂದೇ ಲಕೋಟೆಯಲ್ಲಿ ತುಂಬಿ ಅವ್ವ ಬರೆಯುವುದು.

ಕಾಗದ ಬಂತೆಂದು ಗಾಬರಿಯಾಗಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಾನಂತೂ ಕುಸ್ತಿ ಗೆದ್ದವಳ ಹಾಗೆ ಎದೆ ಎತ್ತಿಕೊಂಡು ಓಡಾಡುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಕಿವಿಗಿಟ್ಟ ಕೂಡಲೇ ನನ್ನ ಬಾಯಿ ‘ಹೂಂ, ಚೆನ್ನಾಗಿದೀನಿ, ಊಟ ಆಯ್ತು’ ಎಂದು ಮುಗಿಸಿಬಿಡುತ್ತದೆ. ನೀನೂ ಈಚೆಗೆ ಎರಡು ಮಾತಾಡಿ, ‘ಅಪ್ಪಂಗೆ ಕೊಡು’ ಎನ್ನುತ್ತೀಯ. ಅದಕ್ಕೇ ಹಿತ್ತಲಿನ ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು, ನಿನ್ನ ಕಾಲೇಜಿನ ಹಳೇ ನೋಟುಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಸಾಲಿಗೆ ಎರಡು ಹೂವು ಉದುರುತ್ತಿವೆ. ಊದಿ ಊದಿ ಬರೆಯಬೇಕಾಗಿದೆ.

ಮೊದಲು ನನ್ನ ಸುಳ್ಳಿನ ವಿಷಯ ಮುಗಿಸುತ್ತೇನೆ. ಆಮೇಲೆ ಸಂತೋಷದ ಸಮಾಚಾರ.

ದೀಪಾವಳಿ ಮುಗಿದ ವಾರ ನಾನು ಮೊಳಕಾಲ್ಮೂರಿನ ನಿಮ್ಮ ಮನೆಯಲ್ಲಿದ್ದೆನಲ್ಲ, ಆ ದಿನದ ಮಾತು. ನೀನು ಪಾಠ ಮಾಡಲು ಶಾಲೆಗೆ, ಅಳಿಯ ಮಹಾಂತೇಶ ಕಚೇರಿಗೆ ಹೋಗಿದ್ದಿರಿ. ನಾನು ಮೊಮ್ಮಗಳು ಪುಟ್ಟಿಗೆಂದು ಹಾಲು ಕಾಯಲಿಟ್ಟು, ಅವಳನ್ನು ನಡುಮನೆಯಲ್ಲಿ ಕೂರಿಸಿಕೊಂಡು ಶೇಂಗಾ ಬಿಡಿಸುತ್ತಿದ್ದೆ. ಹಾಲು ಉಕ್ಕಿ ಒಲೆ ಆರಿಹೋಯಿತು. ಗ್ಯಾಸು ಮಾತ್ರ ಬರುತ್ತಲೇ ಇತ್ತು. ಪಕ್ಕದ ಮನೆಯ ಓಬಳಮ್ಮ ನೇಯುತ್ತಿದ್ದ ಮಗ್ಗ ನಿಲ್ಲಿಸಿ ಓಡಿಬಂದಳು. “ಅಯ್ಯೋ ದೇವುಡಾ, ಗ್ಯಾಸಮ್ಮಾ! ಪಾಪನ್ನ ಎತ್ಕಂಡು ಬಯಟಕಿ ರಾಮ್ಮಾ!” ಎಂದು ತನ್ನ ತೆಲುಗು ಬೆರೆಸಿ ಹೊರಗೆ ಕರೆಯುತ್ತ ಕಿಟಕಿ ತೆರೆದಳು, ಒಲೆಯ ಗುಬಟು ತಿರುಗಿಸಿದಳು. ಆಗಲೂ ನಾನು ಮಗುವನ್ನು ಎತ್ತಿಕೊಂಡು ಅವಳ ಮುಖವನ್ನೇ ನೋಡುತ್ತ ನಿಂತಿದ್ದೆ.

ಸಂಜೆ ನೀನು ಬಂದು ಕೇಳಿದೆ, “ಬೀದಿಗೆಲ್ಲ ವಾಸ್ನೆ ಬಂದೈತೆ, ಒಳಗಿದ್ದ ನಿಂಗೆ ಬರ್ಲಿಲ್ವಾ ಅವ್ವ? ಏನ್ ಮಾಡ್ತಿದ್ದೆ?” ನಾನು, “ಟೀವಿ ನೋಡ್ತಿದ್ದೆ ಕಣೇ, ಗ್ಯಾನ ಇರ್ಲಿಲ್ಲ” ಎಂದೆ. ನೀನು ಪುಟ್ಟಿಯನ್ನು ನನ್ನ ತೊಡೆಯಿಂದ ಎತ್ತಿಕೊಂಡು, “ನಾಳೆಯಿಂದ ಓಬಳಮ್ಮಾರು ನೋಡ್ಕಂತಾರೆ ಬಿಡು. ನೀನು ಊರಿಗೆ ಹೋಗು” ಎಂದೆ. ಕೂಗಾಡಿದ್ದರೆ ಚೆನ್ನಾಗಿತ್ತು. ನೀನು ಕೂಗಲಿಲ್ಲ.

ಅವತ್ತು ಟೀವಿ ಹಾಕಿಯೇ ಇರಲಿಲ್ಲ ಶ್ರುತಿ. ನನಗೆ ವಾಸನೆ ಎಂಬುದೇ ತಿಳಿಯುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಸಂಕ್ರಾಂತಿ ಹೊತ್ತಿಗೆ ನನಗೆ ಆ ಜ್ವರ ಬಂದು ಹತ್ತು ದಿನ ಮಲಗಿದ್ದೆನಲ್ಲ, ಜ್ವರ ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದೆ. ಬರಲಿಲ್ಲ. ನಾಲಿಗೆಗೆ ಉಪ್ಪು, ಹುಳಿ, ಖಾರ, ಕಹಿ ಎಲ್ಲ ಗೊತ್ತಾಗುತ್ತಿತ್ತು. ಆದರೆ ಬೆಲ್ಲ ಬರೀ ಸಿಹಿ, ಮಾವು ಬರೀ ಹುಳಿ. ಯಾವುದಕ್ಕೂ ಅದರ ಹೆಸರಿರಲಿಲ್ಲ.

ಹೇಳಬಾರದಿತ್ತೇ ಎನ್ನುತ್ತೀಯ. ಹೇಗೆ ಹೇಳಲಿ? ಈ ಬೀದಿಯಲ್ಲಿ ನನ್ನನ್ನು ಯಾರೂ ಬಸವಲಿಂಗಮ್ಮ ಎನ್ನುವುದಿಲ್ಲ, ‘ಹೋಳಿಗೆ ಸಾರಿನ ಬಸಮ್ಮ’ ಎನ್ನುತ್ತಾರೆ. ಮದುವೆ ಮನೆಗಳಲ್ಲಿ ಅಡುಗೆ ಭಟ್ಟರು ಸೌಟು ಹಿಡಿದು ನನ್ನ ಮುಖ ನೋಡುತ್ತಿದ್ದರು. ಅಂಥವಳಿಗೆ ಒಗ್ಗರಣೆ ಸೀದದ್ದೂ ಗೊತ್ತಾಗುವುದಿಲ್ಲ ಎಂದು ಊರಿಗೆ ತಿಳಿದರೆ ಆಮೇಲೆ ನಾನು ಯಾರಾಗಿ ಉಳಿಯಲಿ? ಮಂಡಿನೋವು ಎಂದು ಹೇಳಿ ಎಲ್ಲ ಕರೆಗಳನ್ನೂ ತಪ್ಪಿಸಿಕೊಂಡೆ. ಮನೆಯಲ್ಲಿ ಕೈಯ ಲೆಕ್ಕದಲ್ಲಿ ಅಡುಗೆ ಮಾಡಿದೆ. ನಿನ್ನೆದುರು ಮೂಗಿಲ್ಲದ ಅಡುಗೆಯವಳಾಗುವುದಕ್ಕಿಂತ ಟೀವಿ ನೋಡುವ ಬೇಜವಾಬ್ದಾರಿ ಅಜ್ಜಿಯಾಗುವುದೇ ಸುಲಭ ಅನ್ನಿಸಿತು. ಮಗುವಿನ ಜೀವಕ್ಕೆ ಬಂದದ್ದು ನನ್ನ ಆ ಜಂಬದಿಂದ. ಮರೆತದ್ದನ್ನು ಯಾರಾದರೂ ಕ್ಷಮಿಸಿಯಾರು. ಗೊತ್ತಿದ್ದೂ ಮುಚ್ಚಿಟ್ಟದ್ದಕ್ಕೆ ನೀನು ಎಷ್ಟು ಸಿಟ್ಟಾದರೂ ಸರಿಯೇ.

ನನ್ನ ಗುಟ್ಟನ್ನು ಹಿಡಿದವಳು ಹುಚ್ಚಕ್ಕ. ನೀನು ನೋಡಿಲ್ಲ ಅವಳನ್ನು. ವರವು ಕಾವಲಿನ ಹುಲ್ಲುಬಯಲಿನ ಅಂಚಿನ ಹಟ್ಟಿಯವಳು, ಕುರಿ ಕಾಯುವ ಮನೆತನ, ನಮ್ಮ ಬೀದಿಗೆ ಕಂಬಳಿ ಮಾರಲು ಬರುತ್ತಾಳೆ. ಕಾರ್ತಿಕ ಮುಗಿದು ಚಳಿ ಹಿಡಿದಾಗ ಒಂದು ಕಂಬಳಿ ತಂದಳು. ನಾನು ಕೊಂಡು, ಅಲ್ಲೇ ಹೊದ್ದು ಕೂತು ಅವಳಿಗೆ ಕಾಫಿ ಕೊಟ್ಟೆ. ಅವಳು ಲೋಟ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದಳು.

“ಅಲ್ಲ ಬಸಮ್ಮಾ, ನಮ್ಮ ಹಳೇ ಟಗರು ನಿನ್ನೆ ಅದರ ಮ್ಯಾಲೆ ಮಲ್ಗಿ ಉಚ್ಚೆ ಹೊಯ್ದೈತೆ. ವಾಸ್ನೆ ನೋಡಿ ಬೈದು ಕಳಿಸ್ತೀಯ, ಆಗ ಒಳ್ಳೇದ್ ಕೊಡಾಣ ಅಂತ ತಮಾಸೆಗೆ ಮುಂದಿಟ್ರೆ ನೀನು ಹೊದ್ಕಂಡೇ ಕುಂತೀಯಲ್ಲ! ನಿನ್ ಮೂಗಿಗೆ ಏನಾಗೈತೆ?”

ನನಗೆ ನಗು ಬಂತು. ಆ ನಗು ಅಳುವಿಗೆ ತಿರುಗಿತು. ಮೂರು ವರ್ಷದಲ್ಲಿ ನಾನು ಬಾಯಿ ಬಿಟ್ಟು ಹೇಳಿದ್ದು ಅವಳೊಬ್ಬಳಿಗೆ. ಅವಳೇ ನನ್ನನ್ನು ಎಬ್ಬಿಸಿ ಚಿತ್ರದುರ್ಗದ ಬಸ್ಸು ಹತ್ತಿಸಿದಳು, ತಾನೂ ಹತ್ತಿದಳು.

ಅಲ್ಲಿನ ಮೂಗಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಜ್ವರದಲ್ಲಿ ನರ ಸೋತಿದೆ, ಇಷ್ಟು ದಿನವಾದ ಮೇಲೆ ಮರಳುವ ಭರವಸೆ ಕಡಿಮೆ, ಆದರೆ ಮೂಗಿಗೂ ಅಭ್ಯಾಸ ಮಾಡಿಸಬಹುದು ಎಂದರು. ದಿನಕ್ಕೆ ಎರಡು ಸಲ, ನಾಲ್ಕು ಪದಾರ್ಥ, ಒಂದೊಂದನ್ನೂ ನಿಧಾನವಾಗಿ ಮೂಸಬೇಕು. ಮೂಸುವಾಗ ಬೇರೆ ಯೋಚನೆ ಮಾಡಬಾರದು. ಅದು ಹಿಂದೆ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಬೇಕು. ತಿಂಗಳುಗಟ್ಟಲೆ ಬಿಡದೆ ಮಾಡಬೇಕು.

ಲವಂಗ, ನಿಂಬೆಸಿಪ್ಪೆ, ಕೊತ್ತಂಬರಿ, ಗಾಣದಿಂದ ತಂದ ಶೇಂಗಾ ಎಣ್ಣೆ. ಈ ನಾಲ್ಕನ್ನು ಬಟ್ಟಲುಗಳಲ್ಲಿಟ್ಟುಕೊಂಡು ಬೆಳಿಗ್ಗೆ ಬೇವಿನ ಕೆಳಗೆ ಕೂರತೊಡಗಿದೆ. ಮೊದಲ ವಾರ ನನಗೆ ನಾನೇ ಮಳ್ಳಿಯಂತೆ ಕಂಡೆ. ಹುಟ್ಟಿದಾಗಿನಿಂದ ನಾನು ಯಾವುದನ್ನು ನಿಂತು ಮೂಸಿದ್ದೇನೆ ಹೇಳು? ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಪೊರಕೆ, ಓಡಾಟದಲ್ಲೇ ಬದುಕು ಮುಗಿಸಿದವಳು. ನಿಂಬೆಸಿಪ್ಪೆ ಹಿಡಿದು, ನೀನು ಏಳನೇ ಕ್ಲಾಸಿನಲ್ಲಿ ಪಾನಕ ಚೆಲ್ಲಿ ಹೊಸ ಲಂಗ ಅಂಟು ಮಾಡಿಕೊಂಡದ್ದು ನೆನೆಯುತ್ತಿದ್ದೆ. ಮೂಗಿಗೆ ಏನೂ ಬರುತ್ತಿರಲಿಲ್ಲ. ಆದರೂ ಮನಸ್ಸು ಹಗುರಾಗುತ್ತಿತ್ತು.

ಹಾಗೆ ಸುಮ್ಮನೆ ಕೂತದ್ದಕ್ಕೆ ಕಣ್ಣಿಗೆ ಮಾತ್ರ ಹಬ್ಬವಾಯಿತು. ಈ ಮನೆಗೆ ಬಂದು ಮೂವತ್ತೆರಡು ವರ್ಷ, ಬೇವು ಎಲೆ ಉದುರಿಸಿ ಬೋಳಾಗುವುದು, ಆಮೇಲೆ ತಾಮ್ರದ ಬಣ್ಣದ ಚಿಗುರು ಬಿಡುವುದು, ಅದು ವಾರದಲ್ಲಿ ಹಸಿರಾಗುವುದು, ಇದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದು ಈ ಸಲವೇ. ಒಮ್ಮೆ ಹುಚ್ಚಕ್ಕ ತನ್ನ ಹಟ್ಟಿಗೆ ಕರೆದೊಯ್ದಳು. ಕಾವಲಿನ ಬೇಲಿಯಾಚೆ ಒಣಹುಲ್ಲಿನಲ್ಲಿ ಏಳೆಂಟು ಕೃಷ್ಣಮೃಗ ನಿಂತಿದ್ದವು. ದಾರಿಬದಿಯ ಹೊಂಗೆ ಹೊಸ ಎಲೆ ಹೊತ್ತು ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಬುಡದಲ್ಲಿ ಹೂವು ಮಂಡಕ್ಕಿ ಚೆಲ್ಲಿದ ಹಾಗೆ ಬಿದ್ದಿತ್ತು. ಇಬ್ಬರೂ ಅದರ ನೆರಳಲ್ಲಿ ಕೂತು ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಮನೆಗೆ ಹೋಗುವ ಅವಸರ ಇಬ್ಬರಿಗೂ ಇರಲಿಲ್ಲ. ಅಂಥ ಮಧ್ಯಾಹ್ನ ನನಗೆ ಮದುವೆಯಾದ ಮೇಲೆ ಸಿಕ್ಕಿರಲಿಲ್ಲ.

ಶಿವರಾತ್ರಿ ಹೊತ್ತಿಗೆ ಮೂಗು ಅಲುಗಿತು. ಆದರೆ ಹೇಗೆ ಗೊತ್ತೇ? ಎಲ್ಲವೂ ಸೀದ ವಾಸನೆ! ಲವಂಗ ಸೀದದ್ದು, ನೀರು ಸೀದದ್ದು, ವಿಭೂತಿ ಸೀದದ್ದು. ನಾಲ್ಕು ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಬಟ್ಟಲುಗಳನ್ನೆಲ್ಲ ಎತ್ತಿ ಎಸೆಯಲು ಹೊರಟೆ. ಹುಚ್ಚಕ್ಕ ಬಾಗಿಲಲ್ಲೇ ತಡೆದು, “ಈದ ಕುರಿ ಮೊದ್ಲು ತನ್ ಮರೀನೇ ಒದಿತೈತೆ. ಎಲ್ಡು ದಿನ ತಾಳು, ಆಮ್ಯಾಕೆ ಅದೇ ನೆಕ್ತೈತೆ” ಎಂದಳು. ಡಾಕ್ಟರಮ್ಮನಿಗೆ ಫೋನು ಮಾಡಿದರೆ ಅವರೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು: ನರ ಏಳುತ್ತಿದೆ, ನಿಲ್ಲಿಸಬೇಡಿ.

ಹೋಳಿಯಾದ ನಾಲ್ಕನೇ ಬೆಳಿಗ್ಗೆ ಎಂದಿನಂತೆ ಕೂತಿದ್ದೆ. ಬೀದಿಯ ಕೊನೆಯ ಎಣ್ಣೆ ಮಿಲ್ಲು ಆಗಷ್ಟೇ ಶುರುವಾಗಿತ್ತು. ಗಾಳಿ ಈ ಕಡೆ ತಿರುಗಿತು. ಬಿಸಿ ಬಿಸಿ ಶೇಂಗಾ ಹಿಂಡಿಯ ವಾಸನೆ! ನೀನು ಚಿಕ್ಕವಳಿದ್ದಾಗ ಮೂಗು ಮುಚ್ಚಿಕೊಂಡು ಶಾಲೆಗೆ ಓಡುತ್ತಿದ್ದೆಯಲ್ಲ, ನಾನು ದಿನವೂ ಶಪಿಸುತ್ತಿದ್ದೆನಲ್ಲ, ಅದೇ. ಸೀದದ್ದಲ್ಲ, ಅದೇ ಜಿಡ್ಡು ಜಿಡ್ಡಾದ, ಗಂಟಲಿಗೆ ಅಂಟುವ ಹಿಂಡಿ. ನಾನು ಎದ್ದು ಸೆರಗು ಸಿಕ್ಕಿಸಿ ಬರಿಗಾಲಲ್ಲಿ ಮಿಲ್ಲಿನ ಗೇಟಿನವರೆಗೆ ಓಡಿದೆ. ಗೇಟಿನಲ್ಲಿದ್ದ ಪಾತಣ್ಣ, “ಏನ್ ಬೇಕ್ರಮ್ಮಾ?” ಎಂದ. “ಏನೂ ಬ್ಯಾಡಪ್ಪಾ, ವಾಸ್ನೆ ತಗಳಾಕೆ ಬಂದೆ” ಎಂದೆ. ಅವನು ನನ್ನನ್ನು ಏನೆಂದುಕೊಂಡನೋ ಶಿವನೇ ಬಲ್ಲ!

ಆಮೇಲೆ ಒಂದೊಂದಾಗಿ ಬಂದವು. ನಿಂಬೆ. ಒದ್ದೆ ಮಣ್ಣು. ನಿಮ್ಮಪ್ಪನ ಅಂಗಿಯ ಬೆವರು. ಬೇವಿನ ಹೂವಿನ ಘಮ ಹೋದ ಬುಧವಾರ ನೀರು ಸೇದುವಾಗ ಹಿಂದಿನಿಂದ ಬಂದು ಹೆಗಲು ಮುಟ್ಟಿದ ಹಾಗೆ ಬಂತು. ಕೊಡ ಅಲ್ಲೇ ಇಟ್ಟು ನಿಂತುಬಿಟ್ಟೆ.

ಯುಗಾದಿಯ ದಿನ ನಾನಾಗಿಯೇ ಅಕ್ಕಪಕ್ಕದ ಮೂಗಮ್ಮನ ಮನೆಯವರನ್ನೂ ಬೋರಕ್ಕನ ಮನೆಯವರನ್ನೂ ಊಟಕ್ಕೆ ಕರೆದೆ. ನಿಮ್ಮಪ್ಪ ಅಂಗಡಿಯಿಂದ ಸಾಮಾನು ತಂದರು. ಕೊಬ್ಬರಿ ಹೋಳು ಕೈಗೆತ್ತಿಕೊಂಡೆ. ಮೂಗಿನ ತನಕವೂ ತಂದಿರಲಿಲ್ಲ, ಗೊತ್ತಾಯಿತು. “ಇದೇನ್ರೀ ಕಮಟು ಕೊಬ್ರಿ ತಂದೀರಿ? ಮೂಸಿ ತರಾಕೆ ಆಗ್ಲಿಲ್ವಾ? ಹಬ್ಬದ ದಿನ ಇದ್ನ ಸಾರಿಗೆ ಹಾಕ್ಲಾ?” ಎಂದು ಹಳೇ ದನಿಯಲ್ಲಿ ಗದರಿಸಿದೆ. ಅವರು ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟರು. ಟವೆಲಿನಿಂದ ಕಣ್ಣು ಒರೆಸಿಕೊಂಡರು.

“ನೀನು ನಾನ್ ತಂದ ಸಾಮಾನಿಗೆ ಬೈದು ಮೂರು ವರ್ಷ ಆಗಿತ್ತು” ಎಂದರು.

ಅವರಿಗೆ ಗೊತ್ತಿತ್ತು ಶ್ರುತಿ, ಮೊದಲಿನಿಂದಲೂ. ಸೀದ ಪಲ್ಯವನ್ನು ಚೆನ್ನಾಗಿದೆ ಎಂದು ತಿಂದಿದ್ದಾರೆ. ಹಳಸಿದ ಸಾರನ್ನು ನಾನು ನೋಡುವ ಮೊದಲೇ ಚೆಲ್ಲಿ, ಬೆಕ್ಕು ಉರುಳಿಸಿತು ಎಂದಿದ್ದಾರೆ. “ನೀನೇ ಹೇಳ್ತೀಯ ಅಂತ ಕಾದೆ. ಕೇಳಿದ್ರೆ ನೊಂದ್ಕಂತೀಯ ಅಂತ ಸುಮ್ಕಿದ್ದೆ” ಎಂದರು. ಆಮೇಲೆ ಅರವತ್ತೆರಡರ ಮನುಷ್ಯ ಆ ಕೊಬ್ಬರಿ ಹಿಡಿದು, ಬಹುಮಾನ ಸಿಕ್ಕಿದವರಂತೆ ಅಂಗಡಿಗೆ ಹೊರಟರು. ಬೀದಿಯಲ್ಲಿ ಎದುರಾದವರಿಗೆಲ್ಲ, “ಕಮಟಂತೆ, ನಮ್ಮನೆಯಾಕಿ ಹಿಡಿದ್ಬಿಟ್ಳು!” ಎಂದು ಹೇಳಿಕೊಂಡು ಹೋದರು.

ಸಾರು ಹೇಗಿತ್ತು ಎಂದು ನಾನು ಹೇಳುವುದಿಲ್ಲ. ಬೋರಕ್ಕ ಮೂರನೇ ಸಲ ಬಡಿಸಿಕೊಂಡು, “ಮಂಡಿನೋವು ವಾಸಿ ಆತೇನ್ ಬಸಮ್ಮಾ?” ಎಂದಳು. ಅಷ್ಟೂ ಜನರ ಎದುರು ನಿಜ ಹೇಳಿದೆ. ಯಾರೂ ನಗಲಿಲ್ಲ. ಮೂಗಮ್ಮ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು.

ಪೂರ್ತಿ ವಾಸಿಯಾಗಿಲ್ಲ. ಕಾಫಿ ಇನ್ನೂ ಸೀದದ್ದೇ, ಕೊತ್ತಂಬರಿಯ ಸುಳಿವೇ ಇಲ್ಲ. ಬಟ್ಟಲುಗಳನ್ನು ಬಿಡುವುದಿಲ್ಲ. ಪುಟ್ಟಿಯನ್ನು ನನ್ನ ಕೈಗೆ ಮತ್ತೆ ಒಪ್ಪಿಸು ಎಂದು ಕೇಳುತ್ತಿಲ್ಲ. ನಿನಗೆ ಧೈರ್ಯ ಬಂದಾಗ, ನೀನೇ ಪರೀಕ್ಷೆ ಮಾಡಿ ನೋಡಿದ ಮೇಲೆ, ಅದೂ ಬೇಕೆನ್ನಿಸಿದರೆ. ಸದ್ಯಕ್ಕೆ ಇಷ್ಟೇ: ಬೇವಿನ ಹೂವು ಇನ್ನು ಹತ್ತು ದಿನ ಇರುತ್ತದೆ. ಭಾನುವಾರ ಮೂವರೂ ಬನ್ನಿ. ಮರದ ಕೆಳಗೆ ಚಾಪೆ ಹಾಸುತ್ತೇನೆ. ಕೆಲಸದ ಮಾತು ಬೇಡ, ಪಾತ್ರೆ ತೊಳೆಯುವುದೂ ಬೇಡ. ಗಾಳಿ ಬಂದಾಗ ಸುಮ್ಮನೆ ಮುಖ ಎತ್ತಿ ಕೂರೋಣ.

ನಿನ್ನ ದಾರಿ ನೋಡುತ್ತಿರುವ,
ಅವ್ವ
(ಬಸವಲಿಂಗಮ್ಮ)

ತಾ.ಕ.: ಇದನ್ನೂ ಮುಚ್ಚಿಡಬಾರದು ಎಂದು ಲಕೋಟೆ ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ. ನಿನ್ನೆ ನೀನು ಶಾಲೆಯಲ್ಲಿದ್ದಾಗ ಮೊಳಕಾಲ್ಮೂರಿಗೆ ಬಂದಿದ್ದೆ. ಓಬಳಮ್ಮ ಮೊದಲು ಒಪ್ಪಲಿಲ್ಲ, ಶ್ರುತಿಯನ್ನು ಕೇಳಬೇಕು ಎಂದಳು. ನಾನು ಬಾಗಿಲಾಚೆಯೇ ನಿಂತು ಎಲ್ಲ ಹೇಳಿದೆ. ಆಗ ಪುಟ್ಟಿಯನ್ನು ಎತ್ತಿ ತಂದು ನನ್ನ ತೋಳಿಗಿಟ್ಟು, ತಾನು ಪಕ್ಕದಲ್ಲೇ ನಿಂತಳು. ಅವಳ ಮೇಲೆ ಸಿಟ್ಟಾಗಬೇಡ. ಪುಟ್ಟಿ ಹುಟ್ಟುವ ಹೊತ್ತಿಗೆ ನನ್ನ ಮೂಗು ಹೋಗಿ ಏಳು ತಿಂಗಳಾಗಿತ್ತು. ಬಾಣಂತನವೆಲ್ಲ ಮಾಡಿದೆ, ಎಣ್ಣೆ ಹಚ್ಚಿ ಎರೆದೆ, ಸಾಂಬ್ರಾಣಿ ಹಾಕಿದೆ. ಆದರೆ ಅವಳ ನೆತ್ತಿಯ ವಾಸನೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಿನ್ನೆ ಗೊತ್ತಾಯಿತು. ಅದು ನಿನ್ನದೇ ವಾಸನೆ ಶ್ರುತಿ, ನೀನು ಎರಡೂವರೆ ವರ್ಷದವಳಿದ್ದಾಗ ಇದ್ದದ್ದೇ.